ಹುಣಸೆಹಣ್ಣು ಮೊದಲು ಹಾಕಿದ ಮಂತ್ರ

ಮೊದಲಿಗೆ ವಾಗ್ದೇವಿಗೆ ನಮಸ್ಕಾರ. ನನ್ನಂಥ ಸಾಮಾನ್ಯನ ನಾಲಗೆಗೆ ನಾಲ್ಕು ಅಕ್ಷರಗಳನ್ನು ಕೊಟ್ಟು, ಆ ಅಕ್ಷರಗಳಿಂದಲೇ ಅನ್ನವನ್ನೂ ಕೊಟ್ಟವಳು ಅವಳು. ಹಲಸೂರಿನ ಸೋಮೇಶ್ವರಸ್ವಾಮಿಗೆ ನಮಸ್ಕಾರ. ಭೂತಗಣಗಳೆಲ್ಲ ಅವನ ಪರಿವಾರವೇ ಆದ್ದರಿಂದ, ವೃತ್ತಿಯುದ್ದಕ್ಕೂ ಅವನ ಮನೆಯವರ ಸಮಾಚಾರವನ್ನೇ ಬರೆದೆನೆಂಬ ಸಮಾಧಾನ ನನಗಿದೆ. ಶಬ್ದಗಳನ್ನೂ ಧಾತುಗಳನ್ನೂ ಬಾಯಿಪಾಠ ಮಾಡಿಸಿದ ಪಾಠಶಾಲೆಯ ಗುರುಗಳಿಗೆ ನಮಸ್ಕಾರ. ಶಿಷ್ಯನು ಆ ವಿದ್ಯೆಯನ್ನು ಕೊಂಡೊಯ್ದು ದೆವ್ವಗಳ ಬಾಯಲ್ಲಿಟ್ಟನೆಂದು ತಿಳಿದಿದ್ದರೆ ಅವರು ಏನೆನ್ನುತ್ತಿದ್ದರೋ ಕಾಣೆ; ನಕ್ಕು ಸುಮ್ಮನಾಗುತ್ತಿದ್ದರೆಂದೇ ನಂಬಿಕೊಂಡಿದ್ದೇನೆ. ಕೊನೆಯದಾಗಿ, ನಮ್ಮ ಧಾರಾವಾಹಿಗಳನ್ನು ದೀಪ ಹಾಕಿಕೊಂಡೇ ನೋಡಿದ ಸಮಸ್ತ ಪ್ರೇಕ್ಷಕರಿಗೂ ನಮಸ್ಕಾರ. ಅವರು ಹೆದರದಿದ್ದರೆ ನಮ್ಮ ಒಲೆ ಉರಿಯುತ್ತಿರಲಿಲ್ಲ.

ಹೋದ ತಿಂಗಳು ಇಂದಿರಾನಗರದ ಒಂದು ಧ್ವನಿಮುದ್ರಣಶಾಲೆಯಿಂದ ಕೆಲವು ತರುಣ ತರುಣಿಯರು ನಮ್ಮ ಮನೆಗೆ ಬಂದಿದ್ದರು. ಕನ್ನಡದಲ್ಲಿ ಭಯದ ಕಥೆಗಳ ಪಾಡ್‌ಕಾಸ್ಟ್ ಮಾಡುವವರು. ಕಿವಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಯಂತ್ರದಲ್ಲಿ ಜನ ಬಸ್ಸಿನಲ್ಲಿ, ಮೆಟ್ರೋದಲ್ಲಿ ಕೂತು ಹೆದರುತ್ತಾರಂತೆ. ಅವರಲ್ಲೊಬ್ಬ ಹುಡುಗಿ ಕೇಳಿದಳು: “ಸಾರ್, ಗಾಥಿಕ್ ಅಂತಾರಲ್ಲ, ಅದು ನಮ್ಮ ಭಾಷೇಲಿ ಆಗತ್ತಾ? ನಮ್ಮಲ್ಲಿ ಅಂಥ ಕೋಟೆ ಇಲ್ಲ, ಹಿಮ ಇಲ್ಲ, ಏನ್ ಇಟ್ಕೊಂಡು ಬರೀಬೇಕು?” ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. ಆದ್ದರಿಂದ ಈ ಬರಹ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ಇದನ್ನು ಓದಿ, ಬೇಕಾದುದನ್ನು ಇಟ್ಟುಕೊಂಡು ಉಳಿದುದನ್ನು ಬಿಡಬಹುದು.

ಗಾಥಿಕ್ ಎಂಬ ಹೆಸರು ಮೊದಲು ಕಟ್ಟಡಗಳದ್ದು. ದಂಡಿನ, ಅಂದರೆ ಕಂಟೋನ್ಮೆಂಟಿನ, ಪ್ರದೇಶದಲ್ಲಿ ಹುಟ್ಟಿ ಬೆಳೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಶಿವಾಜಿನಗರದ ಕಡೆ ನಡೆದುಹೋದರೆ ಮೊನಚು ಕಮಾನಿನ ಕಿಟಕಿಗಳೂ ಆಕಾಶಕ್ಕೆ ಚುಚ್ಚುವ ಗೋಪುರಗಳೂ ಇರುವ ಇಗರ್ಜಿಗಳು ಕಾಣುತ್ತವೆ. ಆ ರೀತಿಯ ಹಳೆಯ ಕಟ್ಟಡಗಳೊಳಗೆ ನಡೆಯುವ ಕಥೆಗಳನ್ನು ಇಂಗ್ಲಿಷಿನವರು ಬರೆಯತೊಡಗಿದಾಗ ಕಟ್ಟಡದ ಹೆಸರೇ ಕಥೆಗೂ ಬಂದಿತು. ಪಾಳುಬಿದ್ದ ಅರಮನೆ, ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ನಮ್ಮನ್ನೇ ನೋಡುವ ಪೂರ್ವಿಕರ ಚಿತ್ರಪಟ, ಅಜ್ಜ ಮಾಡಿದ ತಪ್ಪಿಗೆ ಮೊಮ್ಮಗಳು ಬೆಚ್ಚಿಬೀಳುವುದು. ಮನೆಯೇ ಅಲ್ಲಿ ಮುಖ್ಯ ಪಾತ್ರ. ಮನುಷ್ಯರು ಮರೆತದ್ದನ್ನು ಮನೆ ಮರೆತಿರುವುದಿಲ್ಲ. ನಮ್ಮ ಲಾಕ್ಷಣಿಕರೂ ಭಯಾನಕ ರಸವನ್ನು ಹೇಳುವಾಗ ಅದನ್ನು ಹುಟ್ಟಿಸುವ ಸಂಗತಿಗಳಲ್ಲಿ ಜನರಿಲ್ಲದ ಮನೆಯನ್ನು ಸೇರಿಸಿಯೇ ಇದ್ದಾರೆ. ಹಾಗಾಗಿ, ಮಗಳೇ, ನಮ್ಮ ಭಾಷೆಗೆ ಆಗುತ್ತದೆಯೇ ಎಂಬ ಸಂಶಯವೇ ಬೇಡ. ಆದರೆ ಒಂದು ಭೇದವಿದೆ. ಅದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ಲಿಂಗರಾಜಪುರದ ಒಂದು ಅಡುಗೆಮನೆಯಲ್ಲಿ. ಅಲ್ಲಿಗೆ ಬರುವ ಮೊದಲು ನಾನು ಈ ಕೆಲಸಕ್ಕೆ ಬಂದ ಬಗೆಯನ್ನು ಹೇಳಬೇಕು.

ಸಂಸ್ಕೃತದಲ್ಲಿ ಎಂ.ಎ. ಮಾಡಿದವನಿಗೆ ಆ ಕಾಲದಲ್ಲಿ ಉದ್ಯೋಗ ಸುಲಭವಾಗಿರಲಿಲ್ಲ. ಪರಿಚಯದವರೊಬ್ಬರು ಇಂದಿರಾನಗರದ ಡಬ್ಬಿಂಗ್ ಸ್ಟುಡಿಯೋಗೆ ಕಳುಹಿಸಿದರು. ವಿದೇಶಿ ಭಯದ ಚಿತ್ರಗಳಿಗೆ ಕನ್ನಡದ ಮಾತು ಬರೆಯುವ ಕೆಲಸ. ಅಲ್ಲಿನ ನಿರ್ದೇಶಕ ಫಯಾಜ್ ಸಾಹೇಬರು ಶಿವಾಜಿನಗರದವರು. ವಯಸ್ಸಿನಲ್ಲಿ ನನಗಿಂತ ಕಿರಿಯರು, ಅನುಭವದಲ್ಲಿ ಹಿರಿಯರು. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಕೋಪ ಬಂದಾಗ ಮೂರೂ.

ನನಗೆ ಬಂದ ಮೊದಲ ದೃಶ್ಯ ಹೀಗಿತ್ತು: ಕೋಟೆಯ ಬಾಗಿಲು ತೆರೆಯುತ್ತದೆ, ಬಿಳಿಚಿದ ಮುಖದ ಪ್ರಭು ಮೇಣದಬತ್ತಿ ಹಿಡಿದು ನಿಂತಿದ್ದಾನೆ, ದಾರಿಹೋಕನನ್ನು ಒಳಗೆ ಕರೆಯುತ್ತಾನೆ. ಮೂಲದಲ್ಲಿದ್ದದ್ದು ಎರಡೇ ಪುಟ್ಟ ಪದ. ಒಬ್ಬ ಪ್ರಭು ಅತಿಥಿಯನ್ನು ಅಷ್ಟು ಅಗ್ಗವಾಗಿ ಕರೆಯುವುದು ನನಗೆ ಸರಿಕಾಣಲಿಲ್ಲ. “ಸುಸ್ವಾಗತ, ಅತಿಥಿವರ್ಯ! ಅಸ್ಮದೀಯ ಪ್ರಾಸಾದವು ಭವದೀಯ ಪಾದಸ್ಪರ್ಶದಿಂದ ಪುನೀತವಾಗಲಿ” ಎಂದು ಬರೆದೆ. ಕಲಾವಿದರು ಉಸಿರು ಕಟ್ಟಿ ಹೇಳಿದರು. ಫಯಾಜ್ ಸಾಹೇಬರು ಪರದೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಶಾಸ್ತ್ರಿ ಸಾರ್, ಅವನು ಬಾಯಿ ಮುಚ್ಕೊಂಡು, ಮೆಟ್ಲು ಹತ್ತಿ, ಮೇಲೆ ಹೋಗ್ಬಿಟ್ಟ. ನಿಮ್ ಮಾತು ಇನ್ನೂ ಬಾಗ್ಲಲ್ಲೇ ನಿಂತಿದೆ. ಯಾರ್ ಮಾತಾಡ್ತಿರೋದು, ಬಾಗ್ಲಾ?”

“ಪ್ರಭುವಿಗೆ ಒಂದು ಗಾಂಭೀರ್ಯ ಬೇಡವೇನಪ್ಪಾ?”

“ಗಾಂಭೀರ್ಯ ಇರ್ಲಿ ಸಾರ್, ಬಾಯಿ ಅಳತೆಗೆ ಇರ್ಲಿ. ‘ಬನ್ನಿ ಒಳಗೆ.’ ಮುಗೀತು. ಕತ್ತು ಕಚ್ಚೋನು ಭಾಷಣ ಮಾಡಲ್ಲ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಹಾಳಾದ ಮುದ್ರಣವನ್ನು ಅಳಿಸುವ ಮುನ್ನ ಇನ್ನೊಮ್ಮೆ ಕೇಳಿಸಿಕೊಂಡಾಗ ಬೇರೆಯೇ ಒಂದು ಸಂಗತಿ ಹೊಳೆಯಿತು. ಬಾಯಿಲ್ಲದ ಬಾಗಿಲಿನಿಂದ ಮಾತು ಹೊರಡುತ್ತಿತ್ತು. ಹಿಂದೆ ಮುಂದೆ ತಿಳಿಯದವನು ಕೇಳಿದರೆ ಮೈ ಜುಮ್ಮೆನ್ನುವಂತಿತ್ತು. ಮುಂದೆ ನಾವೇ ಧಾರಾವಾಹಿ ಮಾಡುವ ಕಾಲ ಬಂದಾಗ ಈ ಉಪಾಯವನ್ನು ಎಷ್ಟೋ ಸಲ ಬಳಸಿದೆವು: ಮಾತು ಇರಬೇಕು, ಆಡುವ ಬಾಯಿ ಕಾಣಬಾರದು. ಪಾಡ್‌ಕಾಸ್ಟಿನ ಮಕ್ಕಳೇ, ನಿಮಗೆ ಚಿತ್ರವೇ ಇಲ್ಲ. ಎಲ್ಲವೂ ಕಾಣದ ಬಾಯಿಯೇ. ನಾವು ಕಷ್ಟಪಟ್ಟು ಗಳಿಸಿದ್ದು ನಿಮಗೆ ಹುಟ್ಟಿನಿಂದಲೇ ಸಿಕ್ಕಿದೆ.

ಕೆಲಸದ ಕ್ರಮ ನನ್ನ ಕಣ್ಣೆದುರೇ ಬದಲಾಯಿತು. ಮೊದಮೊದಲು ಒಂದು ದೃಶ್ಯದ ಎಲ್ಲ ಕಲಾವಿದರೂ ಒಂದೇ ಮೈಕಿನ ಸುತ್ತ ನಿಂತು ಒಟ್ಟಿಗೆ ಹೇಳಬೇಕಿತ್ತು. ಒಬ್ಬರು ತೊದಲಿದರೆ ಎಲ್ಲರೂ ಮೊದಲಿನಿಂದ. ಕಿರುಚುವಾಗ ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಕೆಲಸ ಕೆಡುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಪಾಲಿನ ಕಿರುಚಾಟವನ್ನು ಕಿರುಚಿ ಮನೆಗೆ ಹೋಗತೊಡಗಿದರು. ಕೆಲಸ ಚುರುಕಾಯಿತು, ಚಹಾದ ಹೊತ್ತಿನ ಹರಟೆ ಕಡಿಮೆಯಾಯಿತು. ಧ್ವನಿಯ ಹೊಣೆ ಹೊತ್ತ ಮುನಿರಾಜು ಕೆ.ಆರ್. ಪುರದ ಹಳೆಯ ಒಕ್ಕಲು ಮನೆತನದವನು. ಗಾಳಿ, ಗುಡುಗು, ಕಿರುಗುಟ್ಟುವ ಬಾಗಿಲು ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತಿದ್ದ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಸದ್ದು ಅವನಿಗೆ ಹಿಡಿಸುತ್ತಿರಲಿಲ್ಲ. “ಅದು ಫಾರಿನ್ ಗಾಳಿ ಸ್ವಾಮಿ. ನಮ್ ಗಾಳಿ ಹಂಗ್ ಬೀಸಲ್ಲ” ಎನ್ನುತ್ತಿದ್ದ.

ಇನ್ನು ಆ ಮನೆಯ ಸಂಗತಿ.

ಡಬ್ಬಿಂಗ್ ಸಾಕಾಗಿ ಫಯಾಜ್ ಸಾಹೇಬರು ಸ್ವಂತ ಧಾರಾವಾಹಿಗೆ ಕೈಹಾಕಿದರು. ಹಳೆಯ ಬಂಗಲೆ, ಅದರೊಳಗೆ ತೃಪ್ತಿಯಿಲ್ಲದ ಒಂದು ಹೆಣ್ಣು ಪ್ರೇತ, ಹೊಸದಾಗಿ ಬಂದ ಸೊಸೆ. ಮಾತು ನನ್ನದು. ಬಂಗಲೆಗಾಗಿ ಹುಡುಕಾಡಿ ಕೊನೆಗೆ ಲಿಂಗರಾಜಪುರದಲ್ಲಿ ಒಂದು ಸಿಕ್ಕಿತು. ಕಿಟಕಿಗಳ ಮೇಲೆ ಟೋಪಿಯಂತೆ ಬಾಗಿದ ಮರದ ಮಾಡು, ಉದ್ದದ ಜಗಲಿ, ಎತ್ತರದ ಚಾವಣಿ. ಮನೆಯೊಡತಿ ಸೆಲ್ವಿ ಟೀಚರ್ ವಿಧವೆ. ಮುಂಭಾಗದಲ್ಲಿ ಶಿಶುವಿಹಾರ ನಡೆಸುತ್ತ, ಹಿಂಭಾಗದಲ್ಲಿ ತಾವು ವಾಸವಾಗಿದ್ದರು. ಅವರ ಮಾವನವರು ಮೇಸ್ತ್ರಿ ಕೆಲಸದಲ್ಲಿ ಗಳಿಸಿ ಕೊಂಡಿದ್ದ ಮನೆ. ಸುತ್ತಮುತ್ತಲ ಆಟೋದವರ, ಅಂಗಡಿಯವರ, ಮನೆಗೆಲಸದವರ ಮಕ್ಕಳು ಅಲ್ಲಿ ಅಕ್ಷರ ಕಲಿಯುತ್ತಿದ್ದರು. ಬೇಸಿಗೆ ರಜೆಯಲ್ಲಿ ಮನೆಯನ್ನು ನಮಗೆ ಬಿಟ್ಟುಕೊಡಲು ಅವರು ಒಪ್ಪಿದರು. ಮಳೆಗಾಲಕ್ಕೆ ಮುಂಚೆ ಹೆಂಚು ರಿಪೇರಿ ಮಾಡಿಸಬಹುದೆಂಬ ಆಸೆ.

ನಮ್ಮ ರಾತ್ರಿಗಳೆಲ್ಲ ಬೆಳಗಿನ ತಿಂಡಿಯಾದ ಮೇಲೆ ನಡೆಯುತ್ತಿದ್ದವು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ನೀಲಿ ದೀಪ ಹಚ್ಚಿದರೆ ಮಧ್ಯರಾತ್ರಿ. ಬಟ್ಟೆ ಸರಿಸಿದರೆ ಹೊರಗೆ ಸೊಪ್ಪು ಮಾರುವವಳು ಕೂಗುತ್ತಿದ್ದಳು. ಕಾಂಪೌಂಡಿನ ಆನೆಯಾಕಾರದ ಜಾರುಬಂಡೆಯನ್ನೂ ಫಯಾಜ್ ಸಾಹೇಬರು ಬಿಡಲಿಲ್ಲ. ಅದರ ಮೇಲೆ ಯಾರೂ ಇಲ್ಲದೆ ಒಂದು ಚೆಂಡು ತಾನಾಗಿ ಉರುಳಿಬರುವ ದೃಶ್ಯ ಮಾಡಿದರು. ನಾನೇ ಬರೆದದ್ದಾದರೂ ನೋಡುವಾಗ ನನ್ನ ಕೈ ಜನಿವಾರಕ್ಕೆ ಹೋಯಿತು.

ಮಂತ್ರವಾದಿ ಬರುವ ಪ್ರಸಂಗದಲ್ಲಿ ನನಗೂ ಸಾಹೇಬರಿಗೂ ತಕರಾರಾಯಿತು. ಅವರಿಗೆ ಮಂತ್ರ ಬೇಕಿತ್ತು. ನಾನು ಕೊಡುವುದಿಲ್ಲವೆಂದೆ.

“ಗುರುಮುಖದಿಂದ ಬಂದದ್ದನ್ನು ಮೈಕಿನ ಮುಂದೆ ಬಣ್ಣ ಹಚ್ಚಿಕೊಂಡವನ ಬಾಯಲ್ಲಿ ಹಾಕಿಸಲಾರೆ, ಫಯಾಜ್. ನಿನ್ನ ಮನೆಯ ಪ್ರಾರ್ಥನೆಯನ್ನು ಹೀಗೆ ಮಾಡಿಸುತ್ತೀಯಾ?”

ಅವರು ತಕ್ಷಣ ಕಿವಿ ಮುಟ್ಟಿಕೊಂಡರು. “ತೋಬಾ ಸಾರ್. ಸರಿ, ಅಸಲಿ ಬೇಡ. ಆದ್ರೆ ಅಸಲಿ ಥರ ಕೇಳ್ಬೇಕು. ಜನಕ್ಕೆ ಬೆವರು ಬರ್ಬೇಕು.”

ಆ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಬೂದುಗುಂಬಳದ ಹುಳಿ. ಊಟ ಮಾಡುತ್ತಲೇ ನನಗೆ ದಾರಿ ಹೊಳೆಯಿತು. ಅಡುಗೆ ಮಾಡಿದ್ದು ನನ್ನ ಪತ್ನಿ ಪದ್ಮಾವತಿ. ನನಗೆ ತಿಳಿದಿದ್ದದ್ದು ಊಟ ಮಾತ್ರ. ಎಲೆಯ ಮುಂದೆಯೇ ಅನುಷ್ಟುಪ್ಪಿನಲ್ಲಿ ಒಂದು ಶ್ಲೋಕ ಕಟ್ಟಿದೆ:

ತಿಂತ್ರಿಣೀರಸಮಾದೌ ತು ಹರಿದ್ರಾಲವಣಾನ್ವಿತಂ |
ಪಶ್ಚಾತ್ತುವರಿಕಾಸೂಪಂ ಕ್ಷಿಪೇತ್ಕೂಷ್ಮಾಂಡಸಂಯುತಂ ||

ಮೊದಲು ಅರಿಸಿನ ಉಪ್ಪು ಬೆರೆಸಿದ ಹುಣಸೆರಸ, ಆಮೇಲೆ ಬೂದುಗುಂಬಳದ ಜೊತೆ ತೊಗರಿಬೇಳೆ ಹಾಕಬೇಕು. ಇಷ್ಟೇ ಅರ್ಥ. ದೇವರ ಹೆಸರಿಲ್ಲ, ಬೀಜಾಕ್ಷರವಿಲ್ಲ, ಯಾರಿಗೂ ಅಪಚಾರವಿಲ್ಲ. ಮಂತ್ರವಾದಿಯ ಪಾತ್ರಧಾರಿ ಅದನ್ನು ಎದೆಯಾಳದಿಂದ ತೆಗೆದು ಹೇಳಿದಾಗ, ‘ಕ್ಷಿಪೇತ್’ ಎನ್ನುವ ಜಾಗದಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಕೈಮುಗಿದಳು. ಪ್ರೇತ ಉತ್ತರವಾಗಿ ಕೂಗಬೇಕಲ್ಲ. ಅದಕ್ಕೆ ಮುನಿರಾಜು ನಮ್ಮ ಮನೆಯ ಕುಕ್ಕರಿನ ಕೂಗನ್ನೇ ಮುದ್ರಿಸಿಕೊಂಡು, ವೇಗ ಕೊಂಚ ಇಳಿಸಿ, ಖಾಲಿ ತೊಟ್ಟಿಯೊಳಗೆ ನುಡಿಸಿ ಮತ್ತೆ ಮುದ್ರಿಸಿದ. ಹೀಗೆ ಮಂತ್ರವೂ ಪ್ರೇತವೂ ಒಂದೇ ಅಡುಗೆಮನೆಯಿಂದ ಬಂದವು.

ಶಾಲೆ ತೆರೆಯುವ ಹೊತ್ತಿಗೆ ಧಾರಾವಾಹಿ ಪ್ರಸಾರವಾಯಿತು. ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ನೋಡಿದರು, ನಿರೀಕ್ಷಿಸದ್ದೂ ಒಂದು ನಡೆಯಿತು. ಆನೆಯ ಜಾರುಬಂಡೆಯನ್ನು ಗುರುತಿಸಿ ಹುಡುಗರು ಮೊಬೈಲು ಹಿಡಿದು ಗೇಟಿನ ಮುಂದೆ ಸೇರತೊಡಗಿದರು. “ಗುರು, ಇದೇ ಮಗಾ ಆ ಮನೆ” ಎನ್ನುವುದು, ಗೇಟಿನ ಸರಳು ಹಿಡಿದು ನನ್ನ ಶ್ಲೋಕವನ್ನು ತಪ್ಪುತಪ್ಪಾಗಿ ಹೇಳುವುದು, ರೀಲ್ಸ್ ಮಾಡಿ ಬಿಡುವುದು. ಲಿಂಗರಾಜಪುರದಿಂದ ಕಲ್ಯಾಣನಗರದವರೆಗೆ ಅದು ದೆವ್ವದ ಸ್ಕೂಲ್ ಎಂದಾಯಿತು. ಮಕ್ಕಳು ರಾತ್ರಿ ಬೆಚ್ಚುತ್ತವೆಂದು ತಾಯಂದಿರು ಒಬ್ಬೊಬ್ಬರಾಗಿ ಕಳುಹಿಸುವುದನ್ನು ನಿಲ್ಲಿಸಿದರು.

ಸೆಲ್ವಿ ಟೀಚರ್ ಜಗಳವಾಡಲು ಬರಲಿಲ್ಲ. ಅದೇ ನಮಗೆ ಹೆಚ್ಚು ಕಷ್ಟವಾಯಿತು. ಸ್ಟುಡಿಯೋದ ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದರು. “ಮೂರು ಪಿಳ್ಳೆ ಬರ್ತಿವೆ ಸಾಮಿ, ಅಷ್ಟೇ. ಅದ್ರಲ್ಲೂ ಒಂದು ನಮ್ ಆಯಾದೇ ಮೊಮ್ಮಗು. ದಸರಾ ರಜ ಆದ್ಮೇಲೂ ಹಿಂಗೇ ಇದ್ರೆ ಸ್ಕೂಲ್ ಮುಚ್ಚಿ, ಮನೇನ ಬಿಲ್ಡರಿಗೆ ಕೊಡ್ಬೇಕು. ಅವ್ನು ದಿನಾ ಫೋನ್ ಮಾಡ್ತಾನೆ. ಒಡೆದು ಅಪಾರ್ಟ್‌ಮೆಂಟ್ ಕಟ್ತಾನಂತೆ. ನಾನಿನ್ನೇನ್ ಮಾಡ್ಲಿ?”

ಫಯಾಜ್ ಸಾಹೇಬರು ತಲೆ ತಗ್ಗಿಸಿದರು. ಕಥೆಯಲ್ಲಿ ಮನೆಗೆ ಶಾಪ ತಟ್ಟಿಸಿದ್ದು ನಾವು. ನಿಜದಲ್ಲಿ ತಟ್ಟಿದ್ದು ಟೀಚರಮ್ಮನಿಗೆ.

ಪರಿಹಾರಕ್ಕೆ ಹೊರಟ ನಾವು ಇನ್ನಷ್ಟು ಕೆಡಿಸಿದೆವು. ಮೊದಲ ಸಲಹೆ ನನ್ನದೇ: ಗೇಟಿಗೆ ಸ್ಪಷ್ಟ ಕನ್ನಡದಲ್ಲಿ ಒಂದು ಫಲಕ ಹಾಕಿಸಿದೆ. “ಈ ಗೃಹದಲ್ಲಿ ಯಾವುದೇ ಪ್ರೇತಬಾಧೆ ಇರುವುದಿಲ್ಲ.” ಮಾರನೆಯ ದಿನ ರೀಲ್ಸಿನವರು ಇಮ್ಮಡಿಯಾದರು, ಫಲಕದ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳಲು ಸರದಿ. “ಇಲ್ಲಾಂತ ಬೋರ್ಡ್ ಹಾಕ್ಬೇಕಾದ್ರೆ ಏನೋ ಇರ್ಲೇಬೇಕು” ಎಂಬುದು ಅವರ ತರ್ಕ. ಅದರಲ್ಲಿ ದೋಷ ಹಿಡಿಯಲು ನನಗೂ ಆಗಲಿಲ್ಲ. ಎರಡನೆಯದು ಮುನಿರಾಜುವಿನದು. “ಮನೆಗೆ ದೃಷ್ಟಿ ಆಗೈತೆ ಸ್ವಾಮಿ. ಕುಂಬಳಕಾಯಿ ಕಟ್ಟಿದ್ರೆ ಸರಿಹೋಯ್ತದೆ” ಎಂದವನೇ ತಮ್ಮ ಕಡೆಯಿಂದ ಬೂದುಗುಂಬಳದ ರಾಶಿಯನ್ನೇ ಗಾಡಿಯಲ್ಲಿ ತಂದ. ಬಾಗಿಲಿಗೊಂದು, ಗೇಟಿಗೊಂದು, ಜಾರುಬಂಡೆಯ ಆನೆಯ ಸೊಂಡಿಲಿಗೂ ಒಂದು. ಕಣ್ಣು ಮೀಸೆ ಬರೆದ ಕುಂಬಳಕಾಯಿಗಳು ಸಾಲಾಗಿ ನೇತಾಡುವುದನ್ನು ಕಂಡು, ಬರುತ್ತಿದ್ದ ಮೂರು ಮಕ್ಕಳಲ್ಲಿ ಇನ್ನೊಂದು ಕಡಿಮೆಯಾಯಿತು.

ಕೊನೆಗೆ ಟೀಚರ್ ತಾಯಂದಿರನ್ನೆಲ್ಲ ಒಂದು ಶನಿವಾರ ಬೆಳಿಗ್ಗೆ ಕರೆಸಿದರು, ನಾವೂ ಹೋದೆವು. ಒಳಗೆ ಬರಲು ಅವರು ಒಪ್ಪಲಿಲ್ಲ. ಗೇಟಿನ ಹೊರಗೇ ನಿಂತರು. ಮುಂದೆ ನಿಂತವಳು ನಾಗವೇಣಿ, ಆಟೋ ಚಾಲಕನ ಹೆಂಡತಿ, ಹಿಂದಿನ ಬೀದಿಯವಳು. ನಾನು ಕೈಮುಗಿದು ನಿಜವನ್ನೇ ಹೇಳಿದೆ: ತಾಯೀ, ಅದು ಮಂತ್ರವಲ್ಲ, ಹುಳಿ ಮಾಡುವ ಕ್ರಮ.

ನಾಗವೇಣಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಸ್ವಾಮಿ, ನನ್ ಮಗಳು ಆ ಮಂತ್ರ ಕೇಳಿ ಹಾಸಿಗೇಲಿ ಉಚ್ಚೆ ಹುಯ್ಕೊಂಡವ್ಳೆ. ನೀವು ಸಾಂಬಾರ್ ಅಂತೀರಾ?”

“ನಿಜವಾಗಿಯೂ ಹುಳಿಯೇ ಅಮ್ಮ.”

“ಅಂಗಾದ್ರೆ ಮಾಡಿ ತೋರ್ಸಿ. ಇದೇ ಮನೇಲಿ. ಮಂತ್ರ ಹೆಂಗೈತೋ ಅಂಗೇ. ನೀವೇ ಮಾಡ್ಬೇಕು. ಅದು ಸಾಂಬಾರ್ ಆದ್ರೆ ಮತ್ತೆ ಮಗಳನ್ನ ಕಳಿಸ್ತೀನಿ. ಆಗ್ದಿದ್ರೆ ನಮ್ಮನ್ನ ಕರೀಬೇಡಿ.”

ಉಳಿದವರೂ ಅದಕ್ಕೇ ಹೂಂಗುಟ್ಟಿದರು. ಮುಂದಿನ ಶನಿವಾರವೆಂದು ನಿಗದಿಯಾಯಿತು. ಕುಂಬಳಕಾಯಿಗಂತೂ ಬರವಿರಲಿಲ್ಲ.

ಮನೆಗೆ ಬಂದು ಪತ್ನಿಗೆ ಶ್ಲೋಕವನ್ನೂ ಅರ್ಥವನ್ನೂ ಹೇಳಿದೆ. ಇಷ್ಟು ದಿನ ಅದನ್ನು ಟೀವಿಯಲ್ಲಿ ಕೇಳಿದ್ದರೂ ಅರ್ಥ ಕೇಳಿರಲಿಲ್ಲ ಅವಳು. “ಹುಣಸೆಹಣ್ಣು ಮೊದಲಾ?” ಎಂದಳು. ಹೌದೆಂದೆ. “ನೀವೇ ಮಾಡ್ತೀರಾ?” ಹೌದೆಂದೆ. “ನಾನೂ ಬರ್ತೀನಿ” ಎಂದಷ್ಟೇ ಹೇಳಿ ನಗುತ್ತ ಒಳಗೆ ಹೋದಳು. ಆ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ.

ಆ ಶನಿವಾರ ತಾಯಂದಿರು ಮಕ್ಕಳ ಕೈ ಬಿಗಿಯಾಗಿ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬಂದರು. ನಾನು ಸ್ನಾನ ಸಂಧ್ಯೆ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಶಾಲೆಯ ದೊಡ್ಡ ಕುಕ್ಕರಿನ ಮುಂದೆ ನಿಂತೆ. ಶ್ಲೋಕದ ಒಂದೊಂದು ಪಾದ ಹೇಳುವುದು, ಅದರಂತೆ ಹಾಕುವುದು. ಹುಣಸೆರಸ, ಅರಿಸಿನ, ಉಪ್ಪು. ಆಮೇಲೆ ಬೇಳೆ, ಹೋಳು. ಮುಚ್ಚಳ ಮುಚ್ಚಿದೆ. ಒಲೆ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಕುಕ್ಕರ್ ಕೂಗಿತು. ಎತ್ತರದ ಚಾವಣಿಗೆ ಬಡಿದು ಆ ಸದ್ದು, ಮುನಿರಾಜು ತೊಟ್ಟಿಯೊಳಗೆ ಮಾಡಿದ ಹಾಗೆಯೇ, ಗುಂಯ್‌ಗುಟ್ಟಿತು. ಮಕ್ಕಳೆಲ್ಲ ಒಟ್ಟಿಗೆ ಚೀರಿದವು: “ದೆವ್ವ!” ಒಂದೆರಡು ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದವು. ನಾಗವೇಣಿಯ ಮಗಳು ಮಾತ್ರ ಕುಕ್ಕರನ್ನೇ ದಿಟ್ಟಿಸುತ್ತಿದ್ದಳು.

“ಅಮ್ಮಾ, ದೆವ್ವ ಕುಕ್ಕರೊಳಗೈತೆ” ಎಂದಳು.

“ಸುಮ್ನಿರೇ. ಅದು ಬೇಳೆ” ಎಂದಳು ನಾಗವೇಣಿ, ಹೇಳಿದ ಮೇಲೆ ತಾನೇ ಒಂದು ಕ್ಷಣ ಯೋಚಿಸಿದಳು.

ಕೂಗುಗಳು ಸಾಕಾದವೆಂದು ಇಳಿಸಿ, ಆರಿದ ಮೇಲೆ ತೆರೆದು ನೋಡಿದರೆ ಬೇಳೆ ಹಾಕಿದಾಗ ಹೇಗಿತ್ತೋ ಹಾಗೇ, ಹಳದಿ ಜಲ್ಲಿಯಂತೆ, ತಳದಲ್ಲಿ ಕೂತಿತ್ತು. ಮತ್ತೆ ಮುಚ್ಚಿ ಮತ್ತೆ ಇಟ್ಟೆ. ಮತ್ತೆ ಕೂಗಿತು. ಈ ಸಲ ಚೀರಿದ ಮಕ್ಕಳಲ್ಲಿ ಅರ್ಧ ನಗುತ್ತಿದ್ದವು. ಮತ್ತೆ ತೆರೆದೆ, ಮತ್ತೆ ಜಲ್ಲಿ. ಮೂರನೆಯ ಬಾರಿ ಇಟ್ಟಾಗ ಮಕ್ಕಳು ತಟ್ಟೆ ಬಡಿಯುತ್ತ, “ದೆವ್ವಾ, ಕೂಗು! ದೆವ್ವಾ, ಕೂಗು!” ಎಂದು ಅದನ್ನು ಕರೆಯತೊಡಗಿದವು. ನನ್ನ ಹಣೆಯಿಂದ ಬೆವರು ಇಳಿಯುತ್ತಿತ್ತು. ಫಯಾಜ್ ಸಾಹೇಬರು ಕಿವಿಯ ಬಳಿ ಬಂದು, “ಮಂತ್ರಕ್ಕೆ ಬೆವರು ಬರ್ಬೇಕು ಅಂದಿದ್ದೆ ಸಾರ್. ನಿಮಗೇ ಬಂತು” ಎಂದರು.

ತಾಯಂದಿರಿಗೆ ಇನ್ನು ತಡೆಯಲಾಗಲಿಲ್ಲ. ನಾಗವೇಣಿ ಹೊಸ್ತಿಲು ದಾಟಿ ಒಳಗೇ ಬಂದಳು.

“ಅಲ್ಲಾ ಸ್ವಾಮಿ, ಹುಳಿ ಬಿದ್ಮೇಲೆ ಬೇಳೆ ಎಲ್ಲಾದ್ರೂ ಬೇಯ್ತದಾ?”

“ಅದು ಛಂದಸ್ಸಿನ ನಿರ್ಬಂಧ ಅಮ್ಮ” ಎಂದೆ.

“ಅದೇನದು, ಛಂದಸ್ಸು? ಅದಕ್ಕೆಷ್ಟು ಕೂಗು ಬೇಕು?”

ನಗೆಯ ಅಲೆ ಎದ್ದಿತು. ಅಷ್ಟರಲ್ಲಿ ಸೆಲ್ವಿ ಟೀಚರ್, “ಬೇಳೆ ಬೇರೆ ಬೇಯಿಸ್ಬೇಕು, ಹುಳೀಲಿ ತರಕಾರಿ ಬೇರೆ. ನಮ್ ಕಡೆ ಅಂಗೇ” ಎಂದರು. “ನಿಮ್ ಕಡೆ ತಿಳಿ ತಿಳಿ ಮಾಡ್ತೀರ ಟೀಚರ್, ಅನ್ನದ ಮೇಲೆ ನಿಲ್ಲಲ್ಲ” ಎಂದಳು ಇನ್ನೊಬ್ಬ ತಾಯಿ. ಕುಂಬಳಕಾಯಿ ಕುಕ್ಕರಿಗೆ ಹಾಕಿದ್ದೇ ತಪ್ಪೆಂದು ಮತ್ತೊಬ್ಬಳು. ಸೊಪ್ಪು ಕಾಳಿನ ಬಸ್ಸಾರಿನ ಮುಂದೆ ಇದೆಲ್ಲ ಯಾವ ಲೆಕ್ಕ ಎಂದು ಬಾಗಿಲಿನಿಂದ ಮುನಿರಾಜು. ಎಲ್ಲರೂ ಒಳಗೆ ಬಂದಿದ್ದರು. ಯಾರು ಯಾವಾಗ ಹೊಸ್ತಿಲು ದಾಟಿದರೆಂದು ಯಾರಿಗೂ ತಿಳಿಯದು. ಯಾವ ಮನೆಗೆ ಹೆಜ್ಜೆಯಿಡಲು ಹೆದರಿದ್ದರೋ ಅದೇ ಮನೆಯ ಡಬ್ಬಗಳನ್ನು ತೆಗೆದು ಮೂಸಿ ನೋಡುತ್ತ, “ಟೀಚರ್, ನಿಮ್ ಸಾಂಬಾರ್ ಪುಡಿ ಹಳೇದಾಗೈತೆ” ಎಂದು ಬೈಯುತ್ತಿದ್ದರು.

ಆಗ ನನ್ನ ಪತ್ನಿ ಚೀಲದಿಂದ ದೊಡ್ಡದೊಂದು ಸ್ಟೀಲ್ ಡಬ್ಬ ತೆಗೆದು ಕಟ್ಟೆಯ ಮೇಲಿಟ್ಟಳು. ಒಳಗೆ ಬೆಣ್ಣೆಯಂತೆ ಬೆಂದ ಬೇಳೆ.

“ಮೊದಲೇ ಹೇಳಬಾರದಿತ್ತೇ?” ಎಂದೆ.

“ನೀವು ಕೇಳಿದ್ರಾ? ಶ್ಲೋಕದ ಅರ್ಥ ಹೇಳಿದ್ರಿ, ಸರಿ ಇದೆಯಾ ಅಂತ ಕೇಳ್ಲಿಲ್ವಲ್ಲ” ಎಂದು ಸೌಟು ಕೈಗೆ ತೆಗೆದುಕೊಂಡಳು. “ಛಂದಸ್ಸು ಅಂದ್ರಲ್ಲ, ಬೇಳೆ ಮೊದಲು ಬಂದ್ರೆ ಅದೇನು ಮುರಿದುಬೀಳತ್ತಾ ರೀ?”

ನಾನು ನಿಂತಲ್ಲೇ ಬೆರಳೆಣಿಸಿದೆ. ಆದೌ ತುವರಿಕಾಸೂಪಂ, ಪಶ್ಚಾತ್ತಿಂತ್ರಿಣಿಕಾರಸಂ. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೊದಲಿನದಕ್ಕಿಂತ ಚೆನ್ನಾಗಿಯೇ ಕೂತಿತು. ಛಂದೋದೇವತೆ ನನ್ನನ್ನು ಎಂದೂ ನಿರ್ಬಂಧಿಸಿರಲಿಲ್ಲ. ಮುಕ್ತಕಂಠದಿಂದ ಹಾಗೆಂದು ಸಾರಿದೆ. ಅಡುಗೆಮನೆ ಮತ್ತೊಮ್ಮೆ ನಕ್ಕಿತು.

ಜಗಲಿಯಲ್ಲಿ ಎಲ್ಲರೂ ಸಾಲಾಗಿ ಕೂತು ಉಂಡೆವು. ನಾಗವೇಣಿ ಎರಡನೆಯ ಸಲ ಬಡಿಸಿಕೊಳ್ಳುತ್ತ, “ಸ್ವಾಮಿ, ನೀವು ಮಾಡಿದ್ದು ಸಾಂಬಾರ್ ಆಗ್ಲಿಲ್ಲ. ಮಾತಿನ ಪ್ರಕಾರ ಕಳಿಸ್ಬಾರ್ದು” ಎಂದಳು. ಸೆಲ್ವಿ ಟೀಚರ್ ಬಡಿಸುತ್ತಿದ್ದ ಕೈ ನಿಂತಿತು. “ಆದ್ರೆ ಆ ದೆವ್ವ ನಮ್ ಮನೇಲೂ ದಿನಾ ಬೆಳಿಗ್ಗೆ ಕೂಗ್ತದೆ. ಅದಕ್ಕೆ ಹೆದ್ರಿದ್ರೆ ಉಪವಾಸ ಇರ್ಬೇಕಾಯ್ತದೆ. ಸೋಮವಾರ ಕಳಿಸ್ತೀನಿ ಟೀಚರ್. ಸಾಂಬಾರ್ ಪುಡೀನೂ ಕಳಿಸ್ತೀನಿ.”

ಟೀಚರಮ್ಮ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಒಗ್ಗರಣೆಯ ಘಾಟು ಎಂದರು. ಒಗ್ಗರಣೆ ಹಾಕಿ ಆಗಲೇ ಎಷ್ಟೋ ಹೊತ್ತಾಗಿತ್ತು.

ದಸರಾ ರಜೆ ಮುಗಿದು ಶಾಲೆ ತೆರೆದಾಗ ತರಗತಿ ತುಂಬಿತು. ಬಿಲ್ಡರ್ ಫೋನ್ ಮಾಡುವುದನ್ನು ನಿಲ್ಲಿಸಿದ. ರೀಲ್ಸ್ ಹುಡುಗರು ಬಂದರೆ ಮಕ್ಕಳೇ ಗೇಟಿನ ಬಳಿ ಓಡಿ, ತಿದ್ದಿದ ಶ್ಲೋಕವನ್ನು ರಾಗವಾಗಿ ಹೇಳಿ, “ನಿಮ್ದು ತಪ್ಪು ಅಣ್ಣಾ, ಬೇಳೆ ಫಸ್ಟು” ಎಂದು ಪಾಠ ಮಾಡುತ್ತಿದ್ದವು. ಆ ರೀಲ್ಸೇ ಮೊದಲಿನವುಗಳಿಗಿಂತ ಹೆಚ್ಚು ಓಡಿದವೆಂದು ಫಯಾಜ್ ಸಾಹೇಬರು ಹೇಳಿದರು.

ಈಗ, ಮಗಳೇ, ಭೇದವಿದೆ ಎಂದೆನಲ್ಲ, ಅದು ಇದು. ಆ ದೇಶದ ಕಥೆಗಳಲ್ಲಿ ಪ್ರೇತಕ್ಕೆ ಬೇಕಾದದ್ದು ಮುಚ್ಚಿಟ್ಟ ಪಾಪ ಬಯಲಾಗುವುದು. ಬಯಲಾದ ಕೂಡಲೇ ಮನೆ ಸುಟ್ಟೋ ಕುಸಿದೋ ಹೋಗುತ್ತದೆ. ನಮ್ಮ ಪ್ರೇತಕ್ಕೆ ಹಸಿವು. ಹಿರಿಯರಿಗೆ ಎಡೆಯಿಡುವ, ಪಿಂಡ ಹಾಕುವ, ಮೊದಲ ತುತ್ತನ್ನು ಕಾಗೆಗೆ ತೆಗೆದಿಡುವ ಜನ ನಾವು. ಉಣಬಡಿಸಿದರೆ ಅದು ತೃಪ್ತಿಯಾಗಿ ಹೋಗುತ್ತದೆ, ಮನೆ ಉಳಿಯುತ್ತದೆ. ಬೀಗ ಹಾಕಿದ ಕೋಣೆಯನ್ನು ನೀವು ಎಷ್ಟು ಭಯಂಕರವಾಗಿಯಾದರೂ ಬರೆಯಿರಿ. ಆದರೆ ಆ ಮನೆಗೊಂದು ಅಡುಗೆಮನೆಯನ್ನೂ ಇಟ್ಟಿರಿ. ಕಥೆ ಮುಗಿದ ಮೇಲೆ ಆ ಮನೆಯಲ್ಲಿ ಜನ ಬಾಳಬೇಕೆಂಬುದನ್ನು ಮರೆಯಬೇಡಿ. ಚಿತ್ರೀಕರಣಕ್ಕೆ ಮನೆ ಕೊಟ್ಟವರ ಜಾರುಬಂಡೆಗೆ ಬೇರೆ ಬಣ್ಣ ಬಳಿಯುವುದನ್ನೂ ಮರೆಯಬೇಡಿ.

ಫಯಾಜ್ ಸಾಹೇಬರು ದೀರ್ಘಾಯುಗಳಾಗಿರಲಿ. ಅವರ ಪ್ರಭುಗಳೆಲ್ಲ ಬಾಯಿಯ ಅಳತೆಗೇ ಮಾತಾಡಲಿ. ಮುನಿರಾಜುವಿನ ಗಾಳಿ ನಮ್ಮ ಗಾಳಿಯಾಗಿಯೇ ಬೀಸಲಿ. ಅವನ ಹಿತ್ತಲಲ್ಲಿ ಕುಂಬಳದ ಬಳ್ಳಿ ಹಬ್ಬಲಿ. ಸೆಲ್ವಿ ಟೀಚರಮ್ಮನ ಜಗಲಿ ಮಕ್ಕಳ ಗದ್ದಲದಿಂದ ತುಂಬಿರಲಿ, ಹೆಂಚು ಸೋರದಿರಲಿ. ನಾಗವೇಣಿಯ ಮಗಳು ಚೆನ್ನಾಗಿ ಓದಲಿ. ತೋಚಿದ್ದನ್ನು ಅಂದಿನಂತೆಯೇ ಅಂಜದೆ ಹೇಳಲಿ. ನನ್ನ ಜೊತೆ ಬಾಳಿದವಳು ಮುತ್ತೈದೆಯಾಗಿ ನಗುತ್ತಿರಲಿ. ಈಗ ಪ್ರತಿಯೊಂದು ಸಾಲನ್ನೂ ಅವಳನ್ನು ಕೇಳಿಯೇ ಬರೆಯುತ್ತೇನೆ, ಇದನ್ನೂ ಸಹ. ನಮ್ಮ ಧಾರಾವಾಹಿಯ ಆ ಹೆಣ್ಣು ಪ್ರೇತಕ್ಕೂ ಸದ್ಗತಿಯಾಗಲಿ. ಬಡಪಾಯಿ, ನಮಗಾಗಿ ಬಹಳ ಕೂಗಿದಳು. ಭಯದ ಕಥೆ ಕಟ್ಟಲು ಹೊರಟಿರುವ ಮಕ್ಕಳೇ, ನಿಮ್ಮ ಕಥೆ ಕೇಳಿದವರು ಹೆದರಲಿ, ಹೆದರಿದವರು ಊಟಕ್ಕೇಳಲಿ, ಎಲ್ಲರ ಮನೆಯಲ್ಲೂ ಬೇಳೆ ಮೊದಲು ಬೇಯಲಿ.